ನದಿಯ ಪಕ್ಕದ ಸಮತಟ್ಟು ರಸ್ತೆ

ನಿವೃತ್ತರಾದ ಮೇಲೆ ನನ್ನ ಭಾವನವರು ಕೊಂಡ ಮೊದಲ ವಸ್ತು ಒಂದು ನಕ್ಷೆ, ಎರಡನೆಯದು ಒಂದು ಸೈಕಲ್ಲು. ಮೂರನೆಯದಾಗಿ, ದುಡ್ಡು ಖರ್ಚಿಲ್ಲದೆ ಅವರ ಕೈಗೆ ಸಿಕ್ಕಿದ್ದು ನಾನು. ಫ್ರಾನ್ಸಿನ ನಡುಭಾಗದ ಓವೆರ್ನ್ ಪ್ರಾಂತದಲ್ಲಿ, ಆಲಿಯೇ ನದಿಯ ಕಣಿವೆಯನ್ನು ಹಿಡಿದು, ತಣ್ಣಗಾದ ಜ್ವಾಲಾಮುಖಿಗಳ ನಡುವೆ ಹತ್ತು ದಿನ ಸೈಕಲ್ ತುಳಿಯುವುದೆಂದು ಅವರು ನಿಶ್ಚಯಿಸಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ.

“ಭಾವ, ಏರು ಇದೆಯೇ?”

“ನದಿ ಎಲ್ಲಾದರೂ ಬೆಟ್ಟ ಹತ್ತುವುದನ್ನು ಕಂಡಿದ್ದೀಯಾ? ನದಿಯ ಪಕ್ಕದ ರಸ್ತೆ ಎಂದರೆ ಸಮತಟ್ಟು ರಸ್ತೆ ಎಂದೇ ಅರ್ಥ,” ಎಂದರು.

ಆ ತರ್ಕದಲ್ಲಿ ಹುಳುಕೇನೂ ಕಾಣಲಿಲ್ಲ. ನದಿ ಬೆಟ್ಟ ಹತ್ತುವುದಿಲ್ಲ, ನಿಜ. ಆದರೆ ಆಲಿಯೇ ನದಿ ದಕ್ಷಿಣದ ಲೊಜೇರ್ ಬೆಟ್ಟಗಳಲ್ಲಿ ಹುಟ್ಟಿ, ಉತ್ತರಾಭಿಮುಖವಾಗಿ 400 ಕಿಲೋಮೀಟರಿಗೂ ಹೆಚ್ಚು ದೂರ ಹರಿದು, ನೆವೇರ್ ಪಟ್ಟಣದ ಬಳಿ ಲ್ವಾರ್ ನದಿಯನ್ನು ಸೇರುತ್ತದೆಂಬುದೂ, ನಾವು ಲಾಂಜ್ಯಾಕ್ ಎಂಬ ಊರಿನಿಂದ ಹೊರಡಲಿದ್ದದ್ದು ದಕ್ಷಿಣದ ಕಡೆಗೆ ಎಂಬುದೂ ಅಷ್ಟೇ ನಿಜ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವ ಬುದ್ಧಿ ನಮ್ಮಿಬ್ಬರಿಗೂ ಬಂದದ್ದು ಮೊದಲ ದಿನದ ಮಧ್ಯಾಹ್ನ, ರಸ್ತೆಯ ಬದಿಯಲ್ಲಿ ಮಲಗಿಕೊಂಡಿದ್ದಾಗ.

ಬೆಳಿಗ್ಗೆ ಎಲ್ಲವೂ ಸುಖವಾಗಿಯೇ ಇತ್ತು. ಪ್ರಾದ್ ಎಂಬ ಹಳ್ಳಿಯವರೆಗೆ ರಸ್ತೆ ನದಿಯ ಜೊತೆಯಲ್ಲೇ ಬಂತು. ಅಲ್ಲಿ ನೀರಿನ ಅಂಚಿನಲ್ಲಿ ಕಪ್ಪು ಬಸಾಲ್ಟ್ ಕಂಬಗಳ ಗೋಡೆಯೊಂದು ನೆಟ್ಟಗೆ ನಿಂತಿದೆ. ಲಾವಾ ನಿಧಾನವಾಗಿ ತಣಿಯುತ್ತ ಕುಗ್ಗಿ, ಸೀಳಿಕೊಂಡು, ಆರು ಮುಖದ ಕಂಬಗಳಾಗುವುದನ್ನು ಭಾವನವರು ಬಿಸ್ಕತ್ತು ಮುರಿದು ವಿವರಿಸಿದರು. ಆ ವಿವರಣೆಯಲ್ಲಿ ನಮ್ಮ ಇಡೀ ದಿನದ ಬಿಸ್ಕತ್ತು ಖರ್ಚಾಯಿತೆಂಬುದು ಆಮೇಲೆ ಗೊತ್ತಾಯಿತು. ಪ್ರಾದ್ ದಾಟಿದ ಕೂಡಲೇ ನದಿ ತನ್ನ ಪಾಡಿಗೆ ಕೊರಕಲಿನೊಳಕ್ಕೆ ನುಸುಳಿತು, ರಸ್ತೆ ಆಕಾಶದ ಕಡೆಗೆ ತಿರುಗಿತು. ಆ ಕೊರಕಲು ಎಷ್ಟು ಇಕ್ಕಟ್ಟೆಂದರೆ, ನದಿಯನ್ನು ಬಿಡದೆ ಹಿಂಬಾಲಿಸಲು ಸಾಧ್ಯವಾದದ್ದು ರೈಲಿಗೆ ಮಾತ್ರ; 1870ರಲ್ಲಿ ತೆರೆದ ಆ ಹಳಿ ಲಾಂಜ್ಯಾಕ್‌ನಿಂದ ಲಾಂಗೋನ್‌ವರೆಗೆ 50ಕ್ಕೂ ಹೆಚ್ಚು ಸುರಂಗಗಳಲ್ಲಿ ಹೊಕ್ಕು ಹೊರಡುತ್ತದೆ. ರಸ್ತೆ ಕಟ್ಟಿದವರಿಗೆ ಅಷ್ಟು ತಾಳ್ಮೆ ಇರಲಿಲ್ಲವೋ ದುಡ್ಡಿರಲಿಲ್ಲವೋ, ಅವರು ರಸ್ತೆಯನ್ನು ಮೇಲಿನ ಪ್ರಸ್ಥಭೂಮಿಗೆ ಹತ್ತಿಸಿ, ಮುಂದಿನ ಹಳ್ಳಿಗೆ ಇಳಿಸಿ, ಸೇತುವೆ ದಾಟಿಸಿ, ಮತ್ತೆ ಹತ್ತಿಸಿದ್ದಾರೆ. ಹೀಗಾಗಿ ಆಲಿಯೇ ಕಣಿವೆಯ ಸೈಕಲ್ ಸವಾರನು ನದಿಯನ್ನು ದಿನಕ್ಕೆ ಮೂರು ನಾಲ್ಕು ಸಲ, ಬಹು ಎತ್ತರದಿಂದ, ಬಹು ದುಃಖದಿಂದ ನೋಡುತ್ತಾನೆ.

ತಪ್ಪು ನಕ್ಷೆಯದಲ್ಲ. ಅದರಲ್ಲಿ ದೊಡ್ಡ ರಸ್ತೆಗಳು ಕೆಂಪು, ನಡುವಣವು ಹಳದಿ, ಯಾರೂ ಓಡಾಡದವು ಬಿಳಿ. ನೋಟ ಚೆನ್ನಾಗಿರುವ ಕಡೆ ಪಕ್ಕದಲ್ಲಿ ಒಂದು ಹಸಿರು ಗೆರೆ. ಭಾವನವರು ಹಸಿರು ಗೆರೆಯುಳ್ಳ ಬಿಳಿ ರಸ್ತೆಗಳನ್ನೇ ಹುಡುಕಿ ಹುಡುಕಿ ಆರಿಸಿದ್ದರು. ಆ ಬಿಳಿ ರಸ್ತೆಗಳ ಮೇಲೆ ಅಲ್ಲಲ್ಲಿ ಚಿಕ್ಕ ಬಾಣದ ಮೊನೆಗಳಿದ್ದವು. ನೀರು ಹರಿಯುವ ದಿಕ್ಕಿಗೆ ಬಾಣ ಹಾಕುವುದನ್ನೇ ಜೀವಮಾನವಿಡೀ ಮಾಡಿಕೊಂಡು ಬಂದ ಎಂಜಿನಿಯರರಾದ್ದರಿಂದ, ಬಾಣವಿರುವ ಕಡೆಗೆ ಇಳಿಜಾರು ಎಂದು ಅವರು ತಿಳಿದರು. ಬಾಣಗಳು ಹೆಚ್ಚಿದ್ದಷ್ಟೂ ಹೆಚ್ಚು ಆರಾಮ ಎಂದು ನನಗೂ ತಿಳಿಸಿದರು. ವಾಸ್ತವದಲ್ಲಿ ಬಾಣ ತೋರಿಸುವುದು ಏರುವ ದಿಕ್ಕನ್ನು. ಒಂದು ಬಾಣವಿದ್ದರೆ ಶೇಕಡಾ 5ರಿಂದ 9ರಷ್ಟು ಏರು, ಎರಡಿದ್ದರೆ 13ರವರೆಗೆ, ಮೂರಿದ್ದರೆ ಅದಕ್ಕೂ ಮೇಲೆ. ನಕ್ಷೆಯ ಮೂಲೆಯಲ್ಲಿ ಇದನ್ನು ಚಿತ್ರಸಮೇತ ಬರೆದಿದ್ದರು. ಆದರೆ ಸೈಕಲ್ಲಿನ ಮುಂದಿನ ಚೀಲದಲ್ಲಿ ತೂರಿಸಲೆಂದು ಮಡಚುವಾಗ ಭಾವನವರು ಹಿಂದಕ್ಕೆ ಮಡಚಿದ್ದದ್ದು ಆ ಮೂಲೆಯನ್ನೇ.

ಇಂಥ ರಸ್ತೆಗಳು ಏಕೆ ನಿಶ್ಶಬ್ದವಾಗಿರುತ್ತವೆ ಎಂಬುದು ನನಗೆ ಮೊನಿಸ್ತ್ರೊಲ್‌ನಿಂದ ಸೋಗ್ ಪಟ್ಟಣಕ್ಕೆ ಹತ್ತುವಾಗ ಚೆನ್ನಾಗಿ ಅರ್ಥವಾಯಿತು. ಗಂಟೆಗೊಂದು ಟ್ರ್ಯಾಕ್ಟರು, ದೂರದಲ್ಲಿ ದನದ ಕೊರಳ ಗಂಟೆ, ಅದನ್ನು ಬಿಟ್ಟರೆ ಕೇಳಿಸುತ್ತಿದ್ದದ್ದು ನನ್ನ ಉಸಿರು ಮಾತ್ರ. ಅದನ್ನೂ ಮೊದಲು ನಾನು ಟ್ರ್ಯಾಕ್ಟರೆಂದೇ ಭಾವಿಸಿ ಬದಿಗೆ ಸರಿದು ದಾರಿ ಬಿಟ್ಟೆ. ಲ ಪ್ವಿ ನಗರದಿಂದ ಸ್ಪೇನಿನ ಸಾಂತಿಯಾಗೋ ಕ್ಷೇತ್ರಕ್ಕೆ ಹೋಗುವ ಯಾತ್ರಿಕರ ಕಾಲುದಾರಿಯೂ ಇದೇ ಬೆಟ್ಟವನ್ನು ಹತ್ತುತ್ತದೆ, ಅಲ್ಲಲ್ಲಿ ರಸ್ತೆಗೆ ಬಂದು ಕೂಡುತ್ತದೆ. ಹಾಗೆ ಕೂಡಿದ ಒಂದು ಕಡೆ, ಬೆನ್ನಿಗೆ ದೊಡ್ಡ ಚೀಲ ಹೊತ್ತ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಊರುಗೋಲು ಟಕಟಕ ಊರುತ್ತ ನನ್ನನ್ನು ಹಿಂದೆ ಹಾಕಿದರು. ನಾನು ಸೈಕಲ್ಲಿನ ಮೇಲೇ ಇದ್ದೆ. ಹೋಗುತ್ತ ಅವರು “ಬೋಂ ಕುರಾಜ್” ಎಂದರು. ಅದು ಶುಭಾಶಯವೆಂದು ನಾನು ಸಂತೋಷಪಟ್ಟೆ. ಕಷ್ಟದಲ್ಲಿರುವವರಿಗೆ ಹೇಳುವ ಮಾತು ಅದು ಎಂದು ಭಾವನವರು ರಾತ್ರಿ ತಿಳಿಸಿದರು.

ನಿಶ್ಶಬ್ದ ರಸ್ತೆಯಲ್ಲಿ ಅಂಗಡಿಯೂ ನಿಶ್ಶಬ್ದವೇ. ಹಳ್ಳಿಯ ಅಂಗಡಿ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿದರೆ ಎರಡು ಗಂಟೆಗೆ ಮುಂಚೆ ತೆರೆಯುವ ಪ್ರಶ್ನೆಯಿಲ್ಲ, ಸೋಮವಾರವಾದರೆ ತೆರೆಯುವ ಪ್ರಶ್ನೆಯೇ ಇಲ್ಲ. ನಾವು ಹಳ್ಳಿಗಳನ್ನು ಮುಟ್ಟುತ್ತಿದ್ದದ್ದು ತಪ್ಪದೆ ಹನ್ನೆರಡೂ ಹತ್ತಕ್ಕೆ. ಹಸಿವನ್ನು ಬಸಾಲ್ಟ್ ಪಾಠದ ನೆನಪಿನಲ್ಲಿ ತಡೆದುಕೊಳ್ಳಬಹುದು, ಬಾಯಾರಿಕೆಯನ್ನಲ್ಲ. ಚೌಕದ ಚಿಲುಮೆಯಲ್ಲಿ ನೀರು ಧುಮುಕುತ್ತಿದ್ದರೂ ಕುಡಿಯಲು ಯೋಗ್ಯವಲ್ಲವೆಂಬ ಫಲಕ ತೂಗಾಡುತ್ತಿತ್ತು. ಫ್ರಾನ್ಸಿನಲ್ಲಿ ಸೈಕಲ್ ತುಳಿಯುವವರ ನಡುವೆ ಪ್ರಚಲಿತವಾದ ಒಂದು ಉಪಾಯವೆಂದರೆ ಸ್ಮಶಾನಕ್ಕೆ ಹೋಗುವುದು. ಗೋರಿಗಳ ಮೇಲಿನ ಹೂಗಿಡಗಳಿಗೆ ಹಾಕಲೆಂದು ಅಲ್ಲಿ ನಲ್ಲಿ ಇದ್ದೇ ಇರುತ್ತದೆ. ನಿಷೇಧದ ಫಲಕ ಇಲ್ಲವೆಂದು ಖಚಿತಪಡಿಸಿಕೊಂಡು, ಹೆಲ್ಮೆಟ್ ತೆಗೆದು, ತಲೆ ತಗ್ಗಿಸಿ ಒಳಗೆ ಹೋದ ನಮ್ಮನ್ನು ನೋಡಿ, ಅಲ್ಲಿದ್ದ ಮುದುಕಿಯೊಬ್ಬರ ಕಣ್ಣು ಒದ್ದೆಯಾಯಿತು. ಯಾವುದೋ ಹಳೆಯ ಋಣ ತೀರಿಸಲು ಇಷ್ಟು ದೂರ ಬಂದವರು ಎಂದುಕೊಂಡರೋ ಏನೋ, ನೀರಿನ ಡಬ್ಬಿಯನ್ನು ಭಾವನವರ ಕೈಗಿತ್ತರು. ಭಾವನವರಿಗೆ ಬರುತ್ತಿದ್ದ ಫ್ರೆಂಚ್ ಪದಗಳಲ್ಲಿ “ಇಲ್ಲ” ಎಂಬುದು ಆ ಕ್ಷಣ ನೆನಪಿಗೆ ಬರಲಿಲ್ಲ. ಹನ್ನೊಂದು ಗೋರಿಗಳ ಹೂಗಿಡಗಳಿಗೆ ನೀರುಣಿಸಿದ ಮೇಲೆ ನಮ್ಮ ಬಾಟಲಿಗಳು ತುಂಬಿದವು.

ಪಂಕ್ಚರಿನ ಪ್ರಕರಣವನ್ನು ಬಿಟ್ಟುಬಿಡೋಣವೆಂದಿದ್ದೆ. ಆದರೆ ಅದು ನಡೆದ ಸ್ಥಳದ ಮಹಿಮೆಯಿಂದ ಹೇಳಲೇಬೇಕಾಗಿದೆ. ಇದು ಮಿಶೆಲಾಂ ಟಯರಿನ ತವರುಸೀಮೆ. 1889ರಲ್ಲಿ ಈ ಪ್ರಾಂತದ ಕ್ಲೆರ್ಮೊಂ ಫೆರಾಂ ನಗರದಲ್ಲಿ ಕಂಪನಿ ಆರಂಭಿಸಿದ ಮಿಶೆಲಾಂ ಸೋದರರು, ರಿಮ್ಮಿಗೆ ಗೋಂದಿನಿಂದ ಅಂಟಿಸುತ್ತಿದ್ದ ಟಯರಿಗೆ ಬದಲಾಗಿ ಬಿಚ್ಚಿ ತೆಗೆಯಬಹುದಾದ ಟಯರನ್ನು ಮಾಡಿದರು. 1891ರ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸೈಕಲ್ ಪಂದ್ಯವನ್ನು ಶಾರ್ಲ್ ತೆರೋಂ ಅಂಥ ಟಯರುಗಳ ಮೇಲೆಯೇ ಗೆದ್ದದ್ದು. ಅಂದಿನಿಂದ ಪಂಕ್ಚರ್ ಎಂಬುದು ನಿಮಿಷಗಳ ಕೆಲಸವಾಯಿತೆಂದು ಇತಿಹಾಸ ಹೇಳುತ್ತದೆ. ಹೊಸದಾಗಿ ಜಲ್ಲಿ ಚೆಲ್ಲಿದ್ದ ರಸ್ತೆಯಲ್ಲಿ ನನ್ನ ಹಿಂದಿನ ಚಕ್ರ ಉಸಿರು ಬಿಟ್ಟಾಗ ನಮಗೆ ಹಿಡಿದದ್ದು ಮೂರೂವರೆ ಗಂಟೆ. ನಾನು ಎಚ್ಚರಿಕೆಯಿಂದ ಹೊತ್ತು ತಂದಿದ್ದ ಹೊಸ ಟ್ಯೂಬಿನ ವಾಲ್ವು ದಪ್ಪ, ರಿಮ್ಮಿನ ತೂತು ಸಣ್ಣದು. ಹಳೆಯ ಟ್ಯೂಬಿಗೇ ತೇಪೆ ಹಾಕೋಣವೆಂದರೆ ತೂತು ಕಾಣಿಸಲೊಲ್ಲದು. ಕೊನೆಗೆ ಹೊಲದಂಚಿನ ತೊಟ್ಟಿಯಲ್ಲಿ ಟ್ಯೂಬನ್ನು ಮುಳುಗಿಸಿ ಗುಳ್ಳೆಗಳಿಗಾಗಿ ಕಾಯುತ್ತಿದ್ದಾಗ, ತೊಟ್ಟಿಯ ನಿಜವಾದ ಹಕ್ಕುದಾರಳಾದ ಹಸು ಬಂದು ನಿಂತಳು. ಅವಳು ನೀರು ಕುಡಿಯಲು ಮೂತಿಯಿಟ್ಟಾಗ ಎದ್ದ ಗುಳ್ಳೆಗಳನ್ನು ನಂಬಿ ಭಾವನವರು ಮೊದಲೆರಡು ತೇಪೆಗಳನ್ನು ಹಾಕಿದರು.

ಆ ಸಂಜೆ, ಯಾರೂ ಯಾರೊಂದಿಗೂ ಚರ್ಚಿಸದೆ, ನಾವು ಸೈಕಲ್ಲುಗಳನ್ನು ರೈಲಿಗೆ ಏರಿಸಿದೆವು. ನದಿಯ ಪಕ್ಕದ ಸಮತಟ್ಟು ದಾರಿಯ ಬಗ್ಗೆ ಭಾವನವರು ಹೇಳಿದ್ದ ಮಾತು ಹಳಿಗಳ ಮಟ್ಟಿಗೆ ಅಕ್ಷರಶಃ ಸತ್ಯವಾಗಿತ್ತು. ಕ್ಲೆರ್ಮೊಂ ಫೆರಾಂ ತಲುಪಿದಾಗ ಅಲ್ಲಿನ ಪ್ರಧಾನ ಚರ್ಚು ಲಾವಾಶಿಲೆಯ ಕಪ್ಪಿನಿಂದ ನಿಂತಿತ್ತು. ಚೈನಿನ ಗ್ರೀಸು ಮೆತ್ತಿದ ನಮ್ಮ ಕೈಗಳೂ ಹೆಚ್ಚು ಕಡಿಮೆ ಅದೇ ಬಣ್ಣದವಾಗಿದ್ದವು.

ಊರಿನ ಪಶ್ಚಿಮಕ್ಕೆ ಸುಮಾರು 80 ಜ್ವಾಲಾಮುಖಿಗಳ ಸಾಲು. 2018ರಿಂದ ಅದು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನಡುವೆ 1,465 ಮೀಟರಿನ ಪ್ವಿ ದ ದೋಮ್. 1964ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಆಂಕೆತೀಲ್ ಮತ್ತು ಪುಲಿದೋರ್ ಭುಜಕ್ಕೆ ಭುಜ ತಾಗಿಸಿ ಹತ್ತಿದ ಆ ರಸ್ತೆಯನ್ನು ತಾವೂ ಹತ್ತಬೇಕೆಂಬುದು ಭಾವನವರ ಜೀವಮಾನದ ಆಸೆ. ಬುಡಕ್ಕೆ ಹೋಗಿ ನೋಡಿದರೆ ಸೈಕಲ್ಲಿಗೆ ಪ್ರವೇಶವಿಲ್ಲ. 2012ರಲ್ಲಿ ಹಲ್ಲುಹಳಿಯ ರೈಲು ಬಂದ ಮೇಲೆ ಸಾಮಾನ್ಯ ಸವಾರರಿಗೆ ಆ ದಾರಿ ಮುಚ್ಚಿದೆ. ಇಷ್ಟು ಸುಂದರವಾದ ನಿಷೇಧ ಫಲಕವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಭಾವನವರು ಸಿಟ್ಟಾಗಿ, ನಾನು ದುಃಖಿತನಂತೆ ನಟಿಸುತ್ತ, ಕಾಲು ಗಂಟೆಯಲ್ಲಿ ರೈಲಿನಲ್ಲಿ ಶಿಖರ ಮುಟ್ಟಿದೆವು.

ಮೇಲೆ ಗಾಳಿಗೆ ಕೂತು ಭಾವನವರು ಇಂಗ್ಲಿಷ್ ಕೈಪಿಡಿಯೊಂದನ್ನು ಓದತೊಡಗಿದರು. 1648ರ ಸೆಪ್ಟೆಂಬರ್ 19ರಂದು ಪಾದರಸದ ಕೊಳವೆಯೊಂದನ್ನು ಕೆಳಗಿನ ಮಠದ ತೋಟದಲ್ಲಿಟ್ಟು, ಇನ್ನೊಂದನ್ನು ಇಲ್ಲಿಗೆ ಹೊರಿಸಿ ತಂದು ನೋಡಿದಾಗ, ಪಾದರಸ ಮೂರು ಇಂಚಿಗೂ ಹೆಚ್ಚು ಇಳಿದಿತ್ತು; ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆಂಬುದು ಹೀಗೆ ಸಾಬೀತಾಯಿತು. ಪ್ರಯೋಗ ಪ್ಯಾಸ್ಕಲ್‌ನದು, ಆದರೆ ಅವನು ಅಂದು ಪ್ಯಾರಿಸಿನಲ್ಲಿದ್ದ. ಬೆಟ್ಟ ಹತ್ತಿದವನು ಅವನ “ಬ್ರದರ್ ಇನ್ ಲಾ” ಫ್ಲೋರಾಂ ಪೆರಿಯೇ.

“ನೋಡಿದೆಯಾ?” ಭಾವನವರ ಮುಖ ಮೊದಲ ಸಲ ಅರಳಿತು. “ಪ್ರಯೋಗಕ್ಕೆ ಭಾವಮೈದನನ್ನು ಕಳಿಸಬೇಕು, ವಿಜ್ಞಾನಿ ಊರಲ್ಲೇ ಇರಬೇಕು. ನಾಳೆಯ ದಾರಿಯಲ್ಲಿ ಒಂದು ಕಡೆ ಎರಡು ಬಾಣ ಇದೆ, ನೀನು ಹೋಗಿ ನೋಡಿಕೊಂಡು ಬಾ.”

“ಭಾವ, ಪೆರಿಯೇ ಮದುವೆಯಾಗಿದ್ದು ಪ್ಯಾಸ್ಕಲ್‌ನ ಅಕ್ಕ ಜಿಲ್ಬೆರ್ತಳನ್ನು. ಅವನು ಬೆಟ್ಟ ಹತ್ತಿಸಿದ್ದು ಭಾವನನ್ನು.”

ಅವರು ಕೈಪಿಡಿಯನ್ನು ಮತ್ತೊಮ್ಮೆ ಕಣ್ಣ ಹತ್ತಿರ ಹಿಡಿದು ಓದಿದರು, ಹಿಂದೆ ಮುಂದೆ ತಿರುವಿದರು, ಆಮೇಲೆ ನಕ್ಷೆಯನ್ನು ಮಡಚಿದಂತೆಯೇ ಅದನ್ನೂ ಆ ಪುಟ ಒಳಗೆ ಹೋಗುವ ಹಾಗೆ ಮಡಚಿ, “ಇಂಗ್ಲಿಷಿನಲ್ಲಿ ಹಾಗೇನೂ ಬರೆದಿಲ್ಲವಲ್ಲ,” ಎಂದರು.