ಅಂಪೈರ್ ಹೊರಗಿನವರು, ಜಡ್ಜ್ ಮಾತ್ರ ಮನೆಯವರು

ಕೆನಡಾಕ್ಕೆ ಬಂದ ಮೇಲೆ ನಾನು ಕಲಿತ ಒಂದು ಅಭ್ಯಾಸ: ಫಿಗರ್ ಸ್ಕೇಟಿಂಗ್ ಶುರುವಾಗೋ ಮುಂಚೆ ಜಡ್ಜ್‌ಗಳು ಯಾವ ದೇಶದವರು ಅಂತ ನೋಡೋದು. ಇಲ್ಲಿಯವರಿಗೆ 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್ ಮರೆತಿಲ್ಲ. ಆಗ ಇವರ ಜೋಡಿಗೆ ಮೊದಲು ಬೆಳ್ಳಿ ಕೊಟ್ಟು, ಜಡ್ಜ್‌ಗಳ ಬಗ್ಗೆ ಗಲಾಟೆಯಾದ ಮೇಲೆ ಚಿನ್ನ ಕೊಟ್ಟರು. ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ವಿಚಿತ್ರ ಅನಿಸಿತ್ತು. ಅದೇ 2002ರಿಂದ ಟೆಸ್ಟ್‌ಗೆ ಇಬ್ಬರು ಅಂಪೈರ್‌ಗಳೂ ಹೊರಗಿನ ದೇಶದವರೇ ಬರತೊಡಗಿದರು.

ಸ್ಕೇಟಿಂಗ್ ಆ ದಾರಿ ಹಿಡಿಯಲೇ ಇಲ್ಲ. 2014ರ ಸೋಚಿ ಒಲಿಂಪಿಕ್ಸ್ ನೋಡಿ. ಮಹಿಳೆಯರ ಚಿನ್ನ ರಷ್ಯಾದ ಅಡೆಲಿನಾ ಸೊಟ್ನಿಕೋವಾಗೆ, 224.59 ಅಂಕ, ಕೊರಿಯಾದ ಯುನಾ ಕಿಮ್‌ಗೆ 219.11. ಹುಡುಗಿಯನ್ನು ಬೈಯೋದು ನನಗೆ ಒಪ್ಪಿಗೆಯಿಲ್ಲ. ಅವಳು ಏಳು ಟ್ರಿಪಲ್ (ಗಾಳಿಯಲ್ಲಿ ಮೂರು ಸುತ್ತು ತಿರುಗೋ ಜಂಪ್) ಹಾಕಿದಳು, ಕಿಮ್ ಆರು, ಅಂದ ಮೇಲೆ ತಾಂತ್ರಿಕ ಅಂಕ ಜಾಸ್ತಿ ಬರೋದು ಸಹಜವೇ. ನನ್ನ ತಕರಾರು ಕಾಂಪೊನೆಂಟ್ ಅಂಕದ್ದು, ಅಂದರೆ ಸ್ಕೇಟಿಂಗ್‌ನ ಗುಣಮಟ್ಟ, ಸಂಗೀತದ ಜೊತೆ ಹೊಂದಾಣಿಕೆ ಇಂಥದ್ದಕ್ಕೆಲ್ಲ ಜಡ್ಜ್ ತನ್ನ ಅಂದಾಜಿನ ಮೇಲೆ ಕೊಡೋದು. ಎರಡನೇ ಸುತ್ತಾದ ಫ್ರೀ ಸ್ಕೇಟಿಂಗ್‌ನಲ್ಲಿ ಕಿಮ್‌ಗೆ 74.50, ಸೊಟ್ನಿಕೋವಾಗೆ 74.41. ಒಬ್ಬಳು ಎರಡು ಸಲ ವಿಶ್ವ ಚಾಂಪಿಯನ್, ಇನ್ನೊಬ್ಬಳಿಗೆ ಸೀನಿಯರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಪದಕವೂ ಇರಲಿಲ್ಲ. ವ್ಯತ್ಯಾಸ ಬರೀ 0.09! ತವರಿನ ಪ್ರೇಕ್ಷಕರ ಕೂಗಿಗೆ ಯಾರ ಕೈಯಾದರೂ ಸ್ವಲ್ಪ ಸಡಿಲ ಆಗುತ್ತೆ, ಬಿಡಿ. ಆದರೆ ಆ ಪ್ಯಾನೆಲ್‌ನಲ್ಲಿ ರಷ್ಯಾ ಫೆಡರೇಶನ್‌ನ ದೊಡ್ಡ ಅಧಿಕಾರಿಯ ಹೆಂಡತಿಯೇ ಕೂತಿದ್ದರು. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಫಲಿತಾಂಶ ಮೊದಲೇ ಗೊತ್ತುಮಾಡೋ ಪ್ರಕರಣದಲ್ಲಿ ಅಮಾನತು ಆಗಿದ್ದ ಇನ್ನೊಬ್ಬರೂ ಇದ್ದರು. ಯಾವ ಅಂಕ ಯಾವ ಜಡ್ಜ್‌ದು ಅಂತ ಆಗ ಹೇಳ್ತಿರಲಿಲ್ಲ. ಆ ಗುಟ್ಟು 2016ರಲ್ಲಿ ಹೋಯಿತು, ಒಳ್ಳೇದಾಯ್ತು. ಆದರೆ ಜಡ್ಜ್‌ಗಳ ಹೆಸರು ಕಳಿಸೋದು ಈಗಲೂ ಆಯಾ ದೇಶದ ಫೆಡರೇಶನ್ನೇ, ಅದೇ ಅಲ್ವಾ ಮೂಲ?

2020ರಲ್ಲಿ ಕೊರೊನಾ ಕಾರಣಕ್ಕೆ ಟೆಸ್ಟ್‌ಗೆ ತವರಿನ ಅಂಪೈರ್‌ಗಳಿಗೇ ಅವಕಾಶ ಕೊಟ್ಟರು, ಜೊತೆಗೆ ತಂಡಗಳಿಗೆ ಒಂದು ರಿವ್ಯೂ ಜಾಸ್ತಿ ಕೊಟ್ಟರು. ಎಲ್‌ಬಿಡಬ್ಲ್ಯೂ ಆದರೆ ಚೆಂಡಿನ ದಾರಿ ತೋರಿಸಬಹುದು. ಸ್ಕೇಟಿಂಗ್‌ನಲ್ಲೂ ಜಂಪ್ ಪೂರ್ತಿ ತಿರುಗಿತಾ ಅಂತ ವಿಡಿಯೊ ನೋಡ್ತಾರೆ. ಕಾಂಪೊನೆಂಟ್ ಅಂಕಕ್ಕೆ ಅಂಥ ವಿಡಿಯೊ ಎಲ್ಲಿಂದ ತರೋದು? ಹಾಗಾಗಿ ಪದಕದ ರೇಸ್‌ನಲ್ಲಿರೋ ದೇಶದವರನ್ನು ಆ ದಿನ ಸುಮ್ನೆ ಹೊರಗಿಡಬೇಕು. ಜಡ್ಜ್‌ಗಳನ್ನು ಐಎಸ್‌ಯು (ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ) ತಾನೇ ಆರಿಸಿ, ಸಂಬಳವನ್ನೂ ತಾನೇ ಕೊಡಬೇಕು. ದುಡ್ಡಿಲ್ಲ ಅನ್ನೋ ಉತ್ತರವನ್ನು ನಾನಂತೂ ನಂಬಲ್ಲ.