ಅರ್ಜಿ ಹಾಕುವವರೂ ಪ್ರಶ್ನೆ ಕೇಳಬೇಕು

ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್‌ಗಳಾಗಿ ನೆಲೆ ನಿಂತ ಕರ್ನಾಟಕದವರಲ್ಲಿ ಕೆಲವರು ಮುಂದೆ ಮನೋವೈದ್ಯಕೀಯ ನರ್ಸ್ ಪ್ರಾಕ್ಟಿಷನರ್ ಆಗಲು ಬಯಸುತ್ತಾರೆ. ಈ ಹುದ್ದೆಯವರು ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಯಾವುದೆಂದು ನಿರ್ಣಯಿಸಿ, ಔಷಧಿಯನ್ನೂ ಬರೆದುಕೊಡುತ್ತಾರೆ. ಭಾರತದಲ್ಲಿ ಸೈಕಿಯಾಟ್ರಿಕ್ ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮುಗಿಸಿದವರಿಗೂ ಸ್ವತಂತ್ರವಾಗಿ ಹಾಗೆ ಮಾಡುವ ಅಧಿಕಾರವಿಲ್ಲ. ಟೆಕ್ಸಾಸ್‌ನಲ್ಲಿದ್ದುಕೊಂಡು ಈ ದಾರಿಯಲ್ಲಿ ನಡೆದವಳಾದ ನಾನು, ಈಗ ಅದರ ಕೋರ್ಸಿಗಾಗಿ ಇಲ್ಲಿಯ ಕಾಲೇಜುಗಳಿಗೆ ಅರ್ಜಿ ಸಿದ್ಧಪಡಿಸುವ ಕಿರಿಯ ಸಹೋದ್ಯೋಗಿಗಳ ಬರಹಗಳನ್ನು ಓದಿಕೊಡುತ್ತಿರುತ್ತೇನೆ. ಕಾಲೇಜು ಕೇಳಿದ ಪ್ರತಿಯೊಂದಕ್ಕೂ ನಮ್ಮವರು ಅಚ್ಚುಕಟ್ಟಾಗಿ ಉತ್ತರಿಸುತ್ತಾರೆ, ಆದರೆ ಕಾಲೇಜನ್ನು ತಾವು ಏನನ್ನೂ ಕೇಳುವುದಿಲ್ಲ ಎಂಬುದೇ ನನ್ನ ಆಕ್ಷೇಪ.

ಇದಕ್ಕೆ ಕಾರಣ ನಾವು ಕಲಿತು ಬಂದ ಪದ್ಧತಿಯಲ್ಲೇ ಇದೆ. ಊರಿನಲ್ಲಿ ಎಂ.ಎಸ್ಸಿ. ನರ್ಸಿಂಗ್‌ಗೆ ಸೇರಬೇಕಾದರೆ ಬಿ.ಎಸ್ಸಿ.ಯಲ್ಲಿ ಶೇ. 55ರಷ್ಟು ಅಂಕ ಮತ್ತು ಒಂದು ವರ್ಷದ ಅನುಭವ ಬೇಕು. ಮಾನಸಿಕ ರೋಗಿಗಳ ಶುಶ್ರೂಷೆಯನ್ನೇ ಏಕೆ ಆರಿಸಿಕೊಂಡಿರಿ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಸೀಟು ಕೊಟ್ಟರಲ್ಲ ಅಷ್ಟೇ ಪುಣ್ಯ ಎಂದುಕೊಳ್ಳುವ ನಾವೂ ಮರುಪ್ರಶ್ನೆ ಹಾಕುವುದಿಲ್ಲ. ಹಾಗೆ ಕೇಳದಿದ್ದರೂ ಅಲ್ಲಿ ದೊಡ್ಡ ನಷ್ಟವಾಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ಬೆಂಗಳೂರಿನ ನಿಮ್ಹಾನ್ಸ್ ಆದಾಗಿನಿಂದ ಪಾಠ ಮತ್ತು ವಾರ್ಡು ಒಂದೇ ಆವರಣದಲ್ಲಿವೆ. ಅಲ್ಲಿ ಪ್ರವೇಶ ಸಿಕ್ಕಿತೆಂದರೆ ತುರ್ತು ವಿಭಾಗ, ವ್ಯಸನಮುಕ್ತಿ ಕೇಂದ್ರ, ಮಕ್ಕಳ ಮನೋವೈದ್ಯ ವಿಭಾಗ, ಪುನರ್ವಸತಿ ಘಟಕ ಎಂದು ಸರದಿಯ ಮೇಲೆ ಪೋಸ್ಟಿಂಗ್ ತಾನಾಗಿಯೇ ಬರುತ್ತದೆ.

ಇಲ್ಲಿಯ ಕಾಲೇಜುಗಳು ಕೇಳುವುದು ಬಹಳ. ನರ್ಸಿಂಗ್ ಪದವಿ, ರಾಜ್ಯದ ಲೈಸೆನ್ಸ್, ಸಾಮಾನ್ಯವಾಗಿ 3.0ಕ್ಕೆ ಕಡಿಮೆಯಿಲ್ಲದ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ), ಶಿಫಾರಸು ಪತ್ರಗಳು, ಉದ್ದೇಶವನ್ನು ವಿವರಿಸುವ ಪ್ರಬಂಧ, ಇವುಗಳ ಜೊತೆಗೆ ಹೊರದೇಶದ ಅಂಕಪಟ್ಟಿಯಾಗಿದ್ದರೆ ಅದರ ಮೌಲ್ಯಾಂಕನ ವರದಿ. ಇಷ್ಟೆಲ್ಲ ಕೇಳಿ, ಅಳೆದು ಸುರಿದು ಆರಿಸಿಕೊಂಡ ವಿದ್ಯಾರ್ಥಿಗೆ, ನಿಮ್ಮ ತರಬೇತಿಗೆ ಮಾರ್ಗದರ್ಶಕರನ್ನು ನೀವೇ ಹುಡುಕಿಕೊಳ್ಳಿ ಎಂದು ಹೇಳುವ ಕಾಲೇಜುಗಳಿವೆ, ಅದರಲ್ಲೂ ಆನ್‌ಲೈನ್‌ನಲ್ಲಿ ಪಾಠ ನಡೆಸುವವು. ಪ್ರಿಸೆಪ್ಟರ್ ಎಂದು ಕರೆಯಲಾಗುವ ಈ ಮಾರ್ಗದರ್ಶಕರ ಕೈಕೆಳಗೆ ಕನಿಷ್ಠ 500 ಗಂಟೆ ರೋಗಿಗಳನ್ನು ನೋಡದೆ ನರ್ಸ್‌ಗಳಿಗೆ ಪ್ರಮಾಣಪತ್ರ ನೀಡುವ ಸಂಸ್ಥೆಯಾದ ಎಎನ್‌ಸಿಸಿಯ ಪರೀಕ್ಷೆಗೆ ಕೂರುವಂತಿಲ್ಲ. 2022ರಲ್ಲಿ ಪ್ರಕಟವಾದ ನರ್ಸ್ ಪ್ರಾಕ್ಟಿಷನರ್ ಶಿಕ್ಷಣದ ರಾಷ್ಟ್ರೀಯ ಮಾನದಂಡಗಳು ಕಾಲೇಜುಗಳು ಕೊಡಿಸಬೇಕಾದ ಕನಿಷ್ಠ ತರಬೇತಿಯನ್ನು 750 ಗಂಟೆಗೆ ಏರಿಸಿವೆ. ಸಾಕಷ್ಟು ತರಬೇತಿ ಸ್ಥಳಗಳಿರುವಂತೆ ನೋಡಿಕೊಳ್ಳುವುದು ಕಾಲೇಜಿನ ಹೊಣೆ ಎಂದು ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ನೀಡುವ ಸಂಸ್ಥೆಯಾದ ಸಿಸಿಎನ್‌ಇ ಹೇಳುತ್ತದಾದರೂ, ವಾಸ್ತವದಲ್ಲಿ ಪರಿಚಯವಿಲ್ಲದ ಕ್ಲಿನಿಕ್‌ಗಳಿಗೆ ಒಂದೇ ಸಮನೆ ಫೋನ್ ಮಾಡುವವರನ್ನೂ, ದಲ್ಲಾಳಿ ಸಂಸ್ಥೆಗಳಿಗೆ ಹಣ ಕೊಟ್ಟು ಮಾರ್ಗದರ್ಶಕರನ್ನು ಪಡೆದವರನ್ನೂ, ಯಾರೂ ಸಿಗದೆ ಸೆಮಿಸ್ಟರ್ ಕಳೆದುಕೊಂಡವರನ್ನೂ ನಾನು ಬಲ್ಲೆ. ಊರಿನಿಂದ ಬಂದವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಇಲ್ಲಿ ಓದಿದವರಿಗಿರುವ ಹಳೆಯ ಅಧ್ಯಾಪಕರ, ಸಹಪಾಠಿಗಳ ಬಳಗ ನಮಗಿರುವುದಿಲ್ಲ. ಆದ್ದರಿಂದ ಕಾಲೇಜಿನ ರ‍್ಯಾಂಕಿಂಗ್ ನೋಡುವ ಮೊದಲು, ಮಾರ್ಗದರ್ಶಕರನ್ನು ಒದಗಿಸುವವರು ಯಾರು, ಒಪ್ಪಿಕೊಂಡವರು ಕೊನೆಗಳಿಗೆಯಲ್ಲಿ ಹಿಂದೆ ಸರಿದರೆ ಕಾಲೇಜು ಏನು ಮಾಡುತ್ತದೆ, ಮೊದಲ ಯತ್ನದಲ್ಲೇ ಪ್ರಮಾಣಪತ್ರದ ಪರೀಕ್ಷೆ ಪಾಸಾದವರ ಪ್ರಮಾಣ ಎಷ್ಟು ಎಂಬುದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು. ಇದನ್ನು ಉದ್ಧಟತನ ಎಂದು ಇಲ್ಲಿ ಯಾರೂ ಭಾವಿಸುವುದಿಲ್ಲ.

ಹಾಗೆಂದು ಇಲ್ಲಿಯ ಪದ್ಧತಿಯಲ್ಲಿ ಮೆಚ್ಚುವಂಥದ್ದು ಇಲ್ಲವೆಂದಲ್ಲ. ನಮ್ಮ ಕಡೆ ಪ್ರಾಂಶುಪಾಲರ ಲೆಟರ್‌ಹೆಡ್ಡಿನಲ್ಲಿ ಬರುವ ಪತ್ರ, ಹೆಸರೊಂದನ್ನು ಬದಲಿಸಿದರೆ ಇಡೀ ತರಗತಿಗೆ ಸಲ್ಲುವಂತಿರುತ್ತದೆ. ಅರ್ಜಿದಾರರೇ ಅದನ್ನು ಬರೆದು ಸಹಿ ಹಾಕಿಸಿಕೊಳ್ಳುವುದೂ ಉಂಟು. ಇಲ್ಲಿ ಪತ್ರ ಬರೆಯುವ ನರ್ಸ್ ಮ್ಯಾನೇಜರ್, ಉದ್ರಿಕ್ತನಾದ ರೋಗಿಯನ್ನು ಕಟ್ಟಿಹಾಕದೆ ಮಾತಿನಿಂದಲೇ ಶಾಂತಗೊಳಿಸಲು ಈಕೆಗೆ ಬರುತ್ತದೆಯೇ, ತಪ್ಪು ಡೋಸ್ ಕಂಡಾಗ ವೈದ್ಯರಿಗೆ ಹೇಳುವ ಧೈರ್ಯವಿದೆಯೇ ಎಂಬುದನ್ನು ತಾನು ಕಂಡ ಸಂದರ್ಭಸಹಿತ ಹೇಳಬೇಕು, ಮತ್ತು ಆ ಪತ್ರವನ್ನು ನೋಡುವ ಹಕ್ಕನ್ನು ಅರ್ಜಿದಾರರು ಬಿಟ್ಟುಕೊಡುವುದು ವಾಡಿಕೆ. ಪ್ರಬಂಧದ ವಿಷಯದಲ್ಲೂ ಅಷ್ಟೇ: ಬಾಲ್ಯದಿಂದಲೂ ಸೇವೆಯೇ ನನ್ನ ಕನಸು ಎಂಬ ಆರಂಭಕ್ಕಿಂತ, ಮನಸ್ಥಿತಿಯ ತೀವ್ರ ಏರುಪೇರಿಗೆ ಕೊಡುವ ಲಿಥಿಯಂ ಔಷಧಿಯನ್ನು ತೆಗೆದುಕೊಳ್ಳುವ ರೋಗಿಯ ರಕ್ತಪರೀಕ್ಷೆಯ ವರದಿಯನ್ನು ನೋಡಿ ತಾನು ಏನನ್ನು ಗಮನಿಸಿದೆ ಎಂಬ ಒಂದು ಪ್ಯಾರಾ ಹೆಚ್ಚು ತೂಕದ್ದು. ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಂತಹ ಕಡೆ ಕೆಲಸ ಮಾಡಿ ಬಂದವರ ಬಳಿ ಬರೆಯಲು ಇಂತಹ ಅನುಭವ ಬೇಕಾದಷ್ಟಿರುತ್ತದೆ, ಆದರೆ ನಮ್ಮವರು ಅದನ್ನು ಒಂದು ಸಾಲಿನಲ್ಲಿ ಮುಗಿಸಿ ಪದಕಗಳ ಪಟ್ಟಿ ಕೊಡುತ್ತಾರೆ.

ರಾಜ್ಯದ ಕಾನೂನನ್ನು ವಿಚಾರಿಸಿಕೊಳ್ಳುವವರು ಇನ್ನೂ ಕಡಿಮೆ. ಆ್ಯರಿಜೋನಾದಲ್ಲಿ ನರ್ಸ್ ಪ್ರಾಕ್ಟಿಷನರ್ ಸ್ವತಂತ್ರವಾಗಿ ಚಿಕಿತ್ಸೆ ನೀಡಬಹುದು. ಟೆಕ್ಸಾಸ್‌ನಲ್ಲಿ ಔಷಧಿ ಬರೆಯಬೇಕಾದರೆ ವೈದ್ಯರೊಬ್ಬರ ಅಧಿಕೃತ ಒಪ್ಪಿಗೆ ಬೇಕು, ಕ್ಲಿನಿಕ್‌ನಲ್ಲಾದರೆ ಅವರೊಂದಿಗೆ ಲಿಖಿತ ಒಪ್ಪಂದವನ್ನೇ ಮಾಡಿಕೊಳ್ಳಬೇಕು. ಬೇರೆ ರಾಜ್ಯದ ಆನ್‌ಲೈನ್ ಕಾಲೇಜು ಎಷ್ಟೇ ಹೆಸರುವಾಸಿಯಾಗಿದ್ದರೂ, ನಾವು ವಾಸಿಸುವ ರಾಜ್ಯದಲ್ಲಿ ತನ್ನ ವಿದ್ಯಾರ್ಥಿಗಳಿಗೆ ತರಬೇತಿ ಕೊಡಿಸಲು ಅದಕ್ಕೆ ಅನುಮತಿ ಇದೆಯೇ ಎಂಬುದನ್ನು ಮುಂಗಡ ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು.