ಗೋಣಿಚೀಲದಡಿಯ ಹಸಿರು ಬೂಷ್ಟು

ಈ ಮಳೆಗಾಲದಲ್ಲೂ ಹಲವರು ಸೊರಗಿದ ಮೆಣಸಿನ ಬಳ್ಳಿಯ ಫೋಟೊ ಕಳುಹಿಸಿ, "ಟ್ರೈಕೋಡರ್ಮಾ ಹಾಕಿದರೆ ಉಳಿಯುತ್ತದೆಯೇ?" ಎಂದು ಕೇಳಿದರು. ಉಳಿಯುವುದಿಲ್ಲ. ಟ್ರೈಕೋಡರ್ಮಾ ಎಂದರೆ ರೋಗಕಾರಕಗಳನ್ನು ತಿನ್ನುವ, ಪುಡಿಯಾಗಿ ಸಿಗುವ ಉಪಕಾರಿ ಶಿಲೀಂಧ್ರ (ಬೂಷ್ಟು), ಸತ್ತ ಬೇರಿಗೆ ಜೀವ ಕೊಡುವ ಮದ್ದಲ್ಲ. ಎಲೆ ಜೋತು ಬಿದ್ದು ಗೆಣ್ಣು ಕಳಚತೊಡಗಿದ ಬಳ್ಳಿಯ ಬೇರು ಆಗಲೇ ಕೊಳೆತಿರುತ್ತದೆ. ಅಂಥ ಬುಡಕ್ಕೆ ಪುಡಿ ಸುರಿದು, ಬಳ್ಳಿ ಸತ್ತ ಮೇಲೆ "ಜೈವಿಕವೆಂಬುದೆಲ್ಲ ಮೋಸ" ಎನ್ನುವವರನ್ನು ಕಂಡರೆ ಸಂಕಟವಾಗುತ್ತದೆ. ಅವರ ನೋವು ನನಗೆ ಗೊತ್ತು. ಅಪ್ಪ ಅಡಿಕೆ ಮರಕ್ಕೆ ಹಬ್ಬಿಸಿದ್ದ ಬಳ್ಳಿಗಳು ಒಂದೇ ಆಷಾಢದಲ್ಲಿ ಸಾಲುಸಾಲಾಗಿ ಒಣಗಿದ್ದನ್ನು ಕಣ್ಣಾರೆ ಕಂಡವನು ನಾನು.

ಸೊರಗು ತರುವ ಫೈಟಾಫ್ತೊರಾ ಎಂಬ ರೋಗಾಣುವಿನ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಬುಡದಲ್ಲಿ ನೀರು ನಿಂತರೆ ಅವು ಬೇರನ್ನು ಹುಡುಕಿಕೊಂಡು ಬರುತ್ತವೆ. ಆದ್ದರಿಂದ ಮೊದಲ ಔಷಧ ಬಸಿಗಾಲುವೆಯೇ. ಟ್ರೈಕೋಡರ್ಮಾ ಮಳೆಗೆ ಮುಂಚೆಯೇ ಬೇರಿನ ಸುತ್ತ ನೆಲೆಯೂರಿರಬೇಕು. ಆಗ ಅದು ರೋಗಕಾರಕದ ಎಳೆಗೆ ಸುತ್ತಿಕೊಂಡು, ಅದರ ಹೊರಗೋಡೆಯನ್ನು ಕಿಣ್ವದಿಂದ ಕರಗಿಸಿ ಒಳಗಿನದನ್ನು ಉಣ್ಣುತ್ತದೆ. (ಶಾಸ್ತ್ರದ ಪ್ರಕಾರ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ. ತೋಟದವರಿಗೆ ಇದು ಯಾಕೆ ಮುಖ್ಯವೆಂದರೆ, ನಾವು ಕಣ್ಣುಮುಚ್ಚಿ ಸುರಿಯುವ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಅದಕ್ಕೆ ತಾಗುವುದೇ ಇಲ್ಲ. ಸಾಯುವುದು ನಮ್ಮ ಟ್ರೈಕೋಡರ್ಮಾ!)

ಮಣ್ಣಿನ ಇತರ ಶಿಲೀಂಧ್ರಗಳನ್ನು ಇದು ಹೀಗೆ ತಿನ್ನುವುದನ್ನು ವೈಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲೇ ಬರೆದರು. ಇಷ್ಟು ವರ್ಷಗಳಾದ ಮೇಲೂ ನಾವು ಅದನ್ನು ಸುಣ್ಣದ ಪುಡಿಯಂತೆ ಮಾರುತ್ತೇವೆ, ಕೊಳ್ಳುತ್ತೇವೆ. ಒಮ್ಮೆ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಮಾಡಿನಡಿ ಪೇರಿಸಿಟ್ಟ ಪೊಟ್ಟಣವೊಂದನ್ನು ಅಂಗಡಿಯವರು ನನಗೆ ಕೊಟ್ಟರು. ತಯಾರಾಗಿ ಒಂದೂವರೆ ವರ್ಷವಾಗಿತ್ತು. ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಕಣಗಳಿರಬೇಕೆಂಬುದು ನಿಯಮ. ಆ ಬೇಗೆಯಲ್ಲಿ ಎಷ್ಟು ಉಳಿದಿರುತ್ತವೆ? ತಾರೀಕು ನೋಡದೆ ದಯವಿಟ್ಟು ಕೊಳ್ಳಬೇಡಿ.

ಹಾಲಿಗೆ ಹೆಪ್ಪು ಹಾಕುವುದು ನಮಗೆ ಯಾರೂ ಕಲಿಸಬೇಕಿಲ್ಲ. ಬುಡಕ್ಕೆ ಹಾಕುವ ಮುಂಚೆ ಟ್ರೈಕೋಡರ್ಮಾವನ್ನು ಗೊಬ್ಬರದಲ್ಲಿ ಬೆಳೆಸುವುದೂ ಅಷ್ಟೇ. 90 ಕಿಲೊ ಕಳಿತ ಕೊಟ್ಟಿಗೆ ಗೊಬ್ಬರ, 10 ಕಿಲೊ ಬೇವಿನ ಹಿಂಡಿ, 1 ಕಿಲೊ ಟ್ರೈಕೋಡರ್ಮಾ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟು ತೇವ. ನೆರಳಿನಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿ ಹೊದಿಸಿ 15 ದಿನ ಬಿಡುತ್ತೇನೆ. ನಡುವೆ ಒಮ್ಮೆ ಮಗುಚುತ್ತೇನೆ. ಮೊದಲು ಹತ್ತಿಯಂಥ ಬಿಳಿ ಎಳೆ ಕಾಣುತ್ತದೆ. ಆಮೇಲೊಂದು ಬೆಳಿಗ್ಗೆ ಗೋಣಿ ಎತ್ತಿದರೆ ಗುಡ್ಡೆಯ ಮೈತುಂಬ ಹಸಿರು ಬೂಷ್ಟು. ಮೂಗಿನ ಹತ್ತಿರ ಹಿಡಿದರೆ ಕೊಬ್ಬರಿಯ ತೆಳುವಾದ ವಾಸನೆ. ಇಷ್ಟು ವರ್ಷವಾದರೂ ಆ ಹಸಿರು ಕಂಡಾಗ ನನಗೆ ಆಗುವ ಸಂತೋಷ ಕಡಿಮೆಯಾಗಿಲ್ಲ.

ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಬಿಡಿ ಎಂದು ನಾನು ಹೇಳುತ್ತಿಲ್ಲ. ಶೇ 1ರ ಬೋರ್ಡೋ ಎಲೆಗೆ ಇರಲಿ. ಆದರೆ ಬುಡಕ್ಕೆ ತಾಮ್ರದ ಔಷಧ ಸುರಿದಿದ್ದರೆ ಟ್ರೈಕೋಡರ್ಮಾ ಹಾಕಲು 15 ದಿನವಾದರೂ ಕಾಯಿರಿ. ನನ್ನ ತೋಟದಲ್ಲಿ ಈಗಲೂ ವರ್ಷಕ್ಕೊಂದೆರಡು ಬಳ್ಳಿ ಹೋಗುತ್ತವೆ, ಸಾಲು ಹೋಗುವುದಿಲ್ಲ.

ಮುಂದಿನ ಗುಡ್ಡೆಯನ್ನು ಮೇ ಮೊದಲ ವಾರ ಹಾಕುತ್ತೇನೆ. ನಂಬಿಕೆ ಇಲ್ಲದವರು ಗೋಣಿ ಎತ್ತುವ ದಿನ ತೋಟಕ್ಕೆ ಬನ್ನಿ. ಕೈಯಲ್ಲಿ ಹಿಡಿದು, ಮೂಸಿ ನೋಡಿ.